ಲೆಕ್ಕಕ್ಕೆ ಬಾರದ ಬಾವಿ

ಹೊಸ ಮಣ್ಣಿನ ಹರವಿಗೆ ಮೊದಲ ಸಲ ನೀರು ಹಾಕಿದಾಗ ಏಳುವ ವಾಸನೆ ಎಲ್ಲರಿಗೂ ಹಿತವಂತೆ. ನನಗಲ್ಲ. ಹೋದ ವಾರ ಖಾನಾಪುರದಿಂದ ತರಿಸಿದ ಹರವಿಯನ್ನು ನಮ್ಮ ಆಫೀಸಿನ ವರಾಂಡದಲ್ಲಿ ಇಟ್ಟು, ಸಿಪಾಯಿ ಅದಕ್ಕೆ ನೀರು ಸುರಿಯುತ್ತಿದ್ದ. ಆ ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಟ್ಟೆಯೊಳಗಿನ ಹಳೆಯ ಉರಿ ಎದ್ದು ಕೂತಿತು. ಆರಿಹೋಗಿದೆ ಎಂದುಕೊಂಡಿದ್ದೆ... ಎಲ್ಲಿಂದ ಆರಬೇಕು!

ಆ ಉರಿಗೆ ಕಾರಣರಾದವರನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳನ್ನು ಹಾಗೆಯೇ ಕರೆಯುವುದು. ಅವರು ನಮ್ಮ ವಿಶ್ವವಿದ್ಯಾಲಯದ ಖಾನಾಪುರ ಕೇಂದ್ರದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ನಾನು ಬೆಳಗಾವಿಯ ಕ್ಯಾಂಪಸ್ಸಿನಲ್ಲಿ ವಿದ್ಯುತ್ ವಿಭಾಗದ ಇಂಜಿನಿಯರು. ಇಬ್ಬರಿಗೂ ಸಂಬಂಧವೇ ಇರಲಿಲ್ಲ. ಆದರೆ ಒಂದು ದಿನ ಮೇಲಿನಿಂದ ಆದೇಶ ಬಂತು: ಪ್ರತಿ ಕ್ಯಾಂಪಸ್ಸು ತಿಂಗಳಿಗೆ ಎಷ್ಟು ಕರೆಂಟು, ಎಷ್ಟು ನೀರು, ಎಷ್ಟು ಡೀಸೆಲ್ ಬಳಸುತ್ತದೆ ಎಂದು ಅಳೆದು ತಿಳಿಸಬೇಕು. ಬೆಳಗಾವಿಯ ಹೊಣೆ ನನಗೆ ಬಂತು, ಖಾನಾಪುರದ್ದು ಅವರಿಗೆ. ಬಂದ ಅಂಕಿಗಳನ್ನು ತಲೆಗೆ ಇಷ್ಟು ಎಂದು ಭಾಗಿಸಿ, ಕುಲಸಚಿವರ ಕಚೇರಿಯ ಮುಂದಿನ ಫಲಕದ ಮೇಲೆ ಬರೆಯುತ್ತಿದ್ದರು. ಕಡಿಮೆ ಬಳಸಿದವರು ಮೇಲೆ, ಹೆಚ್ಚು ಬಳಸಿದವರು ಕೆಳಗೆ. ಒಂದು ವರ್ಷ ನೋಡಿ, ಇಡೀ ವಿಶ್ವವಿದ್ಯಾಲಯದ ಈ ಕೆಲಸಕ್ಕೆ ಒಬ್ಬ ಮುಖ್ಯಸ್ಥರನ್ನು ನೇಮಿಸುತ್ತೇವೆ ಎಂದು ಕುಲಪತಿಗಳು ಸಭೆಯಲ್ಲೇ ಹೇಳಿಬಿಟ್ಟಿದ್ದರು.

ಆ ಕುರ್ಚಿ ನನ್ನದೇ ಎಂದು ನಾನು ಅವತ್ತೇ ತೀರ್ಮಾನಿಸಿದ್ದೆ. ಯಾಕೆ ತೀರ್ಮಾನಿಸಬಾರದು? ನಾನು ಶಹಾಪುರದ ನೇಕಾರರ ಮನೆಯವನು. ಪವರ್‌ಲೂಮಿನ ಸದ್ದಿನಲ್ಲೇ ತೊಟ್ಟಿಲಲ್ಲಿ ನಿದ್ದೆ ಮಾಡಿದವನು. ಮಗ್ಗದ ಸದ್ದು ಒಂದಿಷ್ಟು ಭಾರವಾದರೆ ಸಾಕು, ಒಳಗೆ ಊಟಕ್ಕೆ ಕೂತಿದ್ದ ಅಪ್ಪ ತುತ್ತು ಕೈಯಲ್ಲೇ ಹಿಡಿದು "ವೋಲ್ಟೇಜ್ ಇಳೀತು" ಎನ್ನುತ್ತಿದ್ದರು. ಕರೆಂಟ್ ಹೋದರೆ ಮಗ್ಗ ನಿಲ್ಲುತ್ತಿತ್ತು, ಮಗ್ಗ ನಿಂತರೆ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಕರೆಂಟಿನ ಬೆಲೆ ನನಗೆ ಹೇಳಿಕೊಡಲು ಖಾನಾಪುರದಿಂದ ಯಾರೂ ಬರಬೇಕಾಗಿರಲಿಲ್ಲ.

ಆದರೆ ಫಲಕದ ಮೇಲೆ ಮೊದಲ ತಿಂಗಳು ಖಾನಾಪುರ ಮೇಲೆ. ಎರಡನೆಯ ತಿಂಗಳೂ ಖಾನಾಪುರ. ಮೂರನೆಯದಕ್ಕೆ ನಾನು ಫಲಕದ ಕಡೆ ನೋಡದೆ ಹಿಂದಿನ ಬಾಗಿಲಿನಿಂದ ಓಡಾಡತೊಡಗಿದೆ. "ಖಾನಾಪುರದಾಗ ಕರೆಂಟ್ ಇದ್ರ ತಾನ ಖರ್ಚ ಆಗೂದು?" ಎಂದು ಕ್ಯಾಂಟೀನಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಕರೆಂಟ್ ಹೋದರೆ ಜನರೇಟರ್ ಓಡಬೇಕು, ಜನರೇಟರ್ ಓಡಿದರೆ ಡೀಸೆಲ್ ಹೆಚ್ಚಬೇಕು. ಮುಂದಿನ ತಿಂಗಳು ಡೀಸೆಲ್ಲಿನ ಸಾಲಿನಲ್ಲೂ ಅವರದೇ ಕಡಿಮೆ.

ನಾನೇನು ಸುಮ್ಮನೆ ಕೂತಿರಲಿಲ್ಲ. ಸುತ್ತೋಲೆ ಮೇಲೆ ಸುತ್ತೋಲೆ ಹೊರಡಿಸಿದೆ. ಹಾಸ್ಟೆಲ್ಲಿನ ಖೋಲಿ ಖೋಲಿ ಹೊಕ್ಕು ನೀರು ಕಾಯಿಸುವ ಕಾಯಿಲ್ ಹುಡುಕಿದೆ. ನಾನು ಬರುತ್ತಿದ್ದೇನೆ ಎಂದರೆ ಒಂದೊಂದು ವಿಭಾಗದಲ್ಲೂ ದೀಪ ಆರಿಸಿ ಕತ್ತಲಲ್ಲಿ ಕೂತಿರುತ್ತಿದ್ದರು, ನಾನು ಹೋದ ಮೇಲೆ ಎಲ್ಲ ಮತ್ತೆ ಉರಿಯುತ್ತಿದ್ದವು. ಗ್ರಂಥಾಲಯದ ಫ್ಯಾನ್ ಆರಿಸಲು ಹೋದಾಗ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಫ್ಯಾನ್ ಬಂದ್ ಮಾಡೂದಿದ್ರ ಬಿಸಲ್ನೂ ಬಂದ್ ಮಾಡ್ರಿ" ಎಂದಳು. ಎಲ್ಲರೂ ನಕ್ಕರು.

ಅಂಕಿಗಿಂತ ಹೆಚ್ಚು ಉರಿಸಿದ್ದು ಜನರ ಮಾತು. ಕುಲಸಚಿವರ ಡ್ರೈವರಿನಿಂದ ಹಿಡಿದು ಲೆಕ್ಕಪತ್ರ ವಿಭಾಗದವರ ತನಕ, ಖಾನಾಪುರಕ್ಕೆ ಹೋಗಿಬಂದವರೆಲ್ಲ ಅಕ್ಕಾರ ಗುಣಗಾನ. ಅಕ್ಕಾರು ಹೀಗಂದರು, ಅಕ್ಕಾರು ಹಾಗೆ ನಕ್ಕರು, ಅಕ್ಕಾರ ಕೈಯ ನೀರು ಕುಡಿದು ಜೀವ ತಣ್ಣಗಾಯಿತು. ಅಲ್ಲ, ನೀರು ಯಾರು ಕೊಟ್ಟರೂ ನೀರೇ ಅಲ್ಲವೇ? ಮನೆಯಲ್ಲಿ ಇದನ್ನೇ ಹೇಳಿ ಕೂಗಾಡಿದರೆ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ರೀ, ಉಣ್ಣುವಾಗೂ ಅಕ್ಕಾರು, ಮಲಗುವಾಗೂ ಅಕ್ಕಾರು. ನನ್ನ ಹೆಸರು ನೆನಪೈತೋ ಇಲ್ಲೋ ನಿಮಗ?" ಎಂದಳು.

ಹೋಳಿ ಹುಣ್ಣಿಮೆ ಮುಗಿದಿತ್ತು. ಮೀಟರ್ ತಪಾಸಣೆ ಎಂಬ ನೆಪ ಮಾಡಿಕೊಂಡು ಮೋಟಾರ್‌ಸೈಕಲ್ ಹತ್ತಿ ಖಾನಾಪುರಕ್ಕೆ ಹೊರಟೆ. ಒಳಗೆ ಏನೋ ಮೋಸ ಇದ್ದೇ ಇದೆ, ಹಿಡಿದೇ ತೀರುತ್ತೇನೆ ಎಂಬ ಹಟ. ನಾನು ಗೇಟು ದಾಟುತ್ತಲೇ ಕರೆಂಟ್ ಹೋಯಿತು. ಛಲೋ ಆಯಿತು, ಈಗ ಜನರೇಟರ್ ಶುರುವಾಗುತ್ತದೆ ಎಂದು ಕಿವಿ ನಿಮಿರಿಸಿ ನಿಂತೆ. ಆಗಲಿಲ್ಲ. ಒಳಗಿನವರೆಲ್ಲ ಕುರ್ಚಿ ಎತ್ತಿಕೊಂಡು ವರಾಂಡಕ್ಕೆ ಬಂದರು. ಒಂದು ತರಗತಿ ಮಾವಿನ ಮರದ ಕೆಳಗೆ ಹೋಯಿತು. ಗುಮಾಸ್ತರು ಕಂಪ್ಯೂಟರ್ ಬಿಟ್ಟು ಕೈಬರಹದ ಕೆಲಸ ಹಿಡಿದರು. ಪರೀಕ್ಷೆ ಮತ್ತು ಪ್ರಯೋಗಾಲಯಕ್ಕೆ ಬಿಟ್ಟರೆ ಅಲ್ಲಿ ಜನರೇಟರಿನ ಮೈ ಮುಟ್ಟುತ್ತಿರಲಿಲ್ಲವಂತೆ. ನೀರು ತಣ್ಣಗಾಗಿಸುವ ಕೂಲರ್ ಒಂದೂ ಇಲ್ಲ. ನಮ್ಮಲ್ಲಿ ಮಹಡಿಗೊಂದು ಹಗಲೂರಾತ್ರಿ ಗುಂಯ್‌ಗುಡುತ್ತಿದ್ದವು. ಇಲ್ಲಿ ಉದ್ದಕ್ಕೂ ಕುಂಬಾರರ ಹರವಿಗಳು, ಒದ್ದೆ ಅರಿವೆ ಸುತ್ತಿಕೊಂಡು ಕೂತಿದ್ದವು.

"ಬಸಾ, ಬಸಾ... ಕುಂದರ್ರಿ ಸಾಹೇಬ್ರ, ಬಿಸಲಾಗ ಬಂದೀರಿ" ಎಂದು ಅಕ್ಕಾರು ಹೊರಗೆ ಬಂದರು. ಜೋರು ದನಿ, ಜೋರು ನಗು, ಇಸ್ತ್ರಿ ಮುರಿಯದ ಇಳಕಲ್ ಸೀರೆ. ನನ್ನ ಮನಸ್ಸಿನಲ್ಲಿದ್ದುದೆಲ್ಲ ಗೊತ್ತು ಎಂಬಂಥ ಕಣ್ಣು. ಹಿತ್ತಲಿಗೆ ಹೋಗಿ ತಾವೇ ಬಾವಿಯಿಂದ ಒಂದು ಕೊಡ ಸೇದಿದರು. ಹರವಿಯ ಬಾಯಿಗೆ ಬಿಳಿ ಬಟ್ಟೆ ಮಡಿಸಿ ಹಾಸಿ, ನೀರನ್ನು ಸಣ್ಣಗೆ ಸೋಸಿದರು. ಆಮೇಲೆ ಸೋಸಿದ ನೀರನ್ನು ಒಂದಿಷ್ಟು ಬೇರೆ ತೆಗೆದು, ಆ ಬಟ್ಟೆಯನ್ನು ಅದರಲ್ಲಿ ಜಾಲಿಸಿ, ಆ ನೀರನ್ನು ಹಗ್ಗಕ್ಕೆ ಕಟ್ಟಿದ ಗಡಿಗೆಯಲ್ಲಿ ಮೆಲ್ಲಗೆ ಬಾವಿಯ ತಳದ ತನಕ ಇಳಿಸಿದರು. ಅವರು ಜೈನರು. ಕುಡಿಯುವ ನೀರು ಸೋಸಿರಬೇಕು, ಬಟ್ಟೆಯಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳನ್ನು ಯಾವ ನೀರಿನಿಂದ ತಂದೆವೋ ಅದೇ ನೀರಿಗೆ ಮರಳಿಸಬೇಕು. ಅವರ ಮನೆತನದಲ್ಲಿ ಅಜ್ಜಿಯರ ಕಾಲದಿಂದ ಬಂದ ಪದ್ಧತಿ. ಅವರನ್ನು ನೋಡಿ ನೋಡಿ ಕೇಂದ್ರದವರೆಲ್ಲ, ಯಾವ ಜಾತಿಯವರೂ ಇರಲಿ, ಹಾಗೆಯೇ ಮಾಡುತ್ತಿದ್ದರು.

ಲೋಟ ತುಟಿಗೆ ಹಚ್ಚಿದವನಿಗೆ ಥಟ್ಟನೆ ಹೊಳೆಯಿತು. ಬಾವಿ! ನಳದ ನೀರಿಗೆ ಮೀಟರ್ ಇತ್ತು. ಕೈಯಿಂದ ಸೇದುವ ಬಾವಿಗೆ ಎಲ್ಲಿಯ ಮೀಟರ್? ಕುಡಿಯಲು, ತೊಳೆಯಲು, ಗಿಡಕ್ಕೆ, ಇಡೀ ಕೇಂದ್ರ ಬಳಸುವ ಬಾವಿ ನೀರು ಒಂದು ತಿಂಗಳೂ ಲೆಕ್ಕಕ್ಕೆ ಬಂದಿರಲಿಲ್ಲ. ಸಿಕ್ಕಿತಲ್ಲ! ನನಗಾದ ಸಂತೋಷ ಹೇಳತೀರದು. "ಅಲ್ರೀ ಅಕ್ಕಾರ, ಈ ನೀರು ಯಾರ ಲೆಕ್ಕದಾಗ ಬರತೈತ್ರಿ?" ಎಂದು ಎಲ್ಲರ ಎದುರಿಗೇ ಕೇಳಿದೆ.

ಅವರ ನಗು ನಿಂತಿತು. ಬಾವಿಯ ಕಡೆ ನೋಡಿದರು, ಕೈಯಲ್ಲಿದ್ದ ಒದ್ದೆ ಬಟ್ಟೆಯ ಕಡೆ ನೋಡಿದರು. "ಖರೇ ಐತ್ರಿ. ನಳದ ನೀರಂದ್ರ ಖರ್ಚು. ಇದು ಸೇದಿ, ಸೋಸಿ, ಉಳಿದದ್ದು ತಿರುಗಿ ಕೊಟ್ಟ ನೀರು... ಇದೂ ಖರ್ಚು ಅನ್ನೂದು ನನಗ ಹೊಳೀಲೇ ಇಲ್ಲ ನೋಡ್ರಿ" ಎಂದರು. ಸಿಟ್ಟು ಮಾಡುತ್ತಾರೆ, ಇಲ್ಲವೇ ಕೈಮುಗಿದು ಬಿಟ್ಟುಬಿಡ್ರಿ ಎನ್ನುತ್ತಾರೆ ಎಂದು ಕಾದಿದ್ದೆ. ಎರಡೂ ಮಾಡಲಿಲ್ಲ. ನಾನು ಬೆಳಗಾವಿ ಮುಟ್ಟುವುದರೊಳಗೆ ಕುಲಸಚಿವರಿಗೆ ಫೋನ್ ಮಾಡಿ ತಮ್ಮ ತಪ್ಪು ತಾವೇ ಹೇಳಿಬಿಟ್ಟಿದ್ದರು. ನನ್ನ ಬಾಯಿಗೆ ಬಂದ ತುತ್ತನ್ನೂ ಕಸಿದುಕೊಂಡರು!

ಬಾವಿಗೆ ಮೀಟರ್ ಕೂರಿಸಲು ಬರುವುದಿಲ್ಲವಲ್ಲ, ಅದಕ್ಕೆ ಅಕ್ಕಾರು ಕಟ್ಟೆಯ ಮೇಲೆ ಒಂದು ಬುಟ್ಟಿ ತುಂಬ ಹುಣಸೆಬೀಜ ಇಟ್ಟರು, ಬಾಜು ಒಂದು ಖಾಲಿ ಗಡಿಗೆ. ಯಾರೇ ಒಂದು ಕೊಡ ಸೇದಲಿ, ಒಂದು ಬೀಜ ಗಡಿಗೆಗೆ ಹಾಕಬೇಕು. ಸಂಜೆ ಎಣಿಸುವುದು. ಮೊದಲ ತಿಂಗಳ ಬೀಜ ಸೇರಿಸಿದಾಗ ಖಾನಾಪುರ ದೊಪ್ಪನೆ ಕೆಳಗೆ ಬಿತ್ತು, ಬೆಳಗಾವಿ ಮೇಲೆ ಬಂತು. ನಾನು ಡಬ್ಬಿ ತುಂಬ ಕುಂದಾ ತಂದು ಆಫೀಸಿಗೆಲ್ಲ ಹಂಚಿದೆ. ಎಲ್ಲರೂ ತಿಂದರು, ತಿನ್ನುತ್ತ ಮಾತಾಡಿದ್ದು ಹುಣಸೆಬೀಜದ ಬಗ್ಗೆ!

ಬೀಜ ಹಾಕುವ ಕೈಗೆ ಎರಡನೆಯ ಕೊಡ ಸೇದುವ ಮುಂಚೆ ಯೋಚನೆ ಬರುತ್ತದಂತೆ. ಗಡಿಗೆಯಲ್ಲಿ ಬೀಜ ದಿನದಿನಕ್ಕೆ ಇಳಿಯತೊಡಗಿದವು. ಸುದ್ದಿ ಕೇಳಿ ಕುಲಪತಿಗಳೇ ಖಾನಾಪುರಕ್ಕೆ ಹೋಗಿ, ಒಂದು ಕೊಡ ಸೇದಿ, ಒಂದು ಬೀಜ ಹಾಕಿ ಬಂದರು. ಬಂದವರು ನನ್ನನ್ನು ಕರೆದು, "ತಪ್ಪು ಹುಡುಕಿದ್ದು ನೀವು, ಬಹಳ ಒಳ್ಳೆಯದಾಯಿತು. ಅದರಿಂದಲೇ ಅವರ ಕೆಲಸ ನನ್ನ ಕಣ್ಣಿಗೆ ಬಿತ್ತು" ಎಂದರು. ಮುಖ್ಯಸ್ಥರ ಕುರ್ಚಿ ಅಕ್ಕಾರಿಗೆ ಹೋಯಿತು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ. ಆ ಬಾವಿ ನನ್ನ ಕಣ್ಣಿಗೇ ಯಾಕೆ ಬೀಳಬೇಕಿತ್ತು? ಇವತ್ತಿಗೂ ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತದೆ.

ಆಮೇಲೆ ಅವರು ನನ್ನ ಮೇಲಧಿಕಾರಿ. ಬೆಳಗಾವಿಗೆ ಬಂದಾಗಲೆಲ್ಲ ಒಂದೇ ಮಾತು, "ಕೂಲರ್ ತಗೀರಿ, ಹರವಿ ಇಡ್ರಿ." ನಾನು "ನೋಡೂಣ್ರಿ" ಎನ್ನುತ್ತಿದ್ದೆ, ಇಡುತ್ತಿರಲಿಲ್ಲ. ಮಂದಿ ಮತ್ತೆ ಅಕ್ಕಾರ ನೀರು ಎನ್ನಬೇಕೇ? ನಾನು ಬದುಕಿರುವ ತನಕ ಆಗದು.

ಮುಂದೆ ಅವರೇ ಬರುವುದು ಕಡಿಮೆಯಾಯಿತು... ನೆಹರು ನಗರದ ದವಾಖಾನೆಯಲ್ಲಿದ್ದಾರೆ ಎಂದು ತಿಳಿದು ಹೆಂಡತಿಯ ಜೊತೆ ನೋಡಲು ಹೋದೆ. ಆ ಜೋರು ದನಿ ಎಲ್ಲಿ ಹೋಗಿತ್ತೋ. ನನ್ನನ್ನು ಕಂಡದ್ದೇ, "ಕೂಲರ್ ತಗದ್ರೇನ್ರಿ?" ಎಂದರು. ಇಲ್ಲ ಎಂದೆ. ಕಷ್ಟಪಟ್ಟು ನಕ್ಕರು. "ಹೊಟ್ಟಿಕಿಚ್ಚಿಗೆ ಒಂದು ಮೀಟರ್ ಇಲ್ಲ ನೋಡ್ರಿ. ಇದ್ದಿದ್ರ ಫಲಕದ ತಳದಿಂದ ನೀವ ಫಸ್ಟ್." ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಮನೆಗೆ ಬಂದು ಒಳ್ಳೆಯ ಉತ್ತರವೊಂದನ್ನು ಯೋಚಿಸಿ ಇಟ್ಟುಕೊಂಡೆ, ಮುಂದಿನ ಸಲ ಹೋದಾಗ ಹೇಳಬೇಕೆಂದು. ಮುಂದಿನ ಸಲ ಬರಲೇ ಇಲ್ಲ.

ಈಗ ಆ ಕುರ್ಚಿ ನನ್ನದು. ಫಲಕ ಹೋಗಿ ಮೊಬೈಲ್ ಬಂದಿದೆ, ಯಾವ ಕ್ಯಾಂಪಸ್ಸಿನಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂದು ಕೂತಲ್ಲೇ ಕಾಣುತ್ತದೆ. ಹೋದ ತಿಂಗಳು ನೋಡಿದರೆ ಬೆಳಗಾವಿ ಎಲ್ಲಕ್ಕಿಂತ ಮೇಲೆ. ಕಣ್ಣು ತಾನಾಗಿ ಖಾನಾಪುರದ ಸಾಲು ಹುಡುಕಿತು. ಎಲ್ಲೋ ತಳದಲ್ಲಿತ್ತು. ಬಾವಿಗೆ ಮೋಟಾರ್ ಕೂರಿಸಿದ್ದಾರೆ, ಬೀಜದ ಗಡಿಗೆ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಅಲ್ಲಿಯ ಈಗಿನವರಿಗೆ ಫೋನ್ ಹಚ್ಚಿ ಬೈದೆ. ಬೈದ ಮೇಲೆ ನನಗೇ ನಾಚಿಕೆಯಾಯಿತು, ನಾನು ಗೆದ್ದವನು, ನನಗೇಕೆ ಇಷ್ಟು ಸಿಟ್ಟು? ಅವತ್ತೇ ಕೂಲರ್‌ಗಳನ್ನು ತೆಗೆಸಿ ಹರವಿಗೆ ಹೇಳಿಕಳಿಸಿದೆ.

ಸಿಪಾಯಿ ಹಳಬ, ಅಕ್ಕಾರನ್ನು ಕಂಡವನು. ಹರವಿ ತುಂಬಿಸಿ, ತಾನೇ ಮೊದಲ ಲೋಟ ಕುಡಿದು, "ಸಾಹೇಬ್ರ, ಥೇಟ್ ಅಕ್ಕಾರ ನೀರ್ರಿ!" ಎಂದ. ನೋಡಿ, ತರಿಸಿದವನು ನಾನು, ಇಡಿಸಿದವನು ನಾನು, ಹೆಸರು ಮಾತ್ರ ಅವರಿಗೆ. ಹೊಟ್ಟೆ ಧಗ್ಗೆಂದಿತು.

"ಏನ್ ಅಕ್ಕಾರ ನೀರೋ ಮಾರಾಯಾ? ಸೋಸದ ಹಾಂಗ ಸುರವೀದಿ. ಅಕ್ಕಾರ ನೀರಂದ್ರ ಸೋಸಿರಬೇಕು. ಎಲ್ಲಾ ತಗದು ಗಿಡಕ್ಕ ಹಾಕು, ಬಿಳೀ ಬಟ್ಟಿ ತಗೊಂಡ್ ಬಾ" ಎಂದು ಗದರಿಸಿದೆ.

ಅವನು ಬಟ್ಟೆ ತಂದ. ಇಬ್ಬರೂ ಸೇರಿ ಹರವಿಯ ಬಾಯಿಗೆ ಹಿಡಿದು ಸೋಸಿದೆವು. ಮುಗಿದ ಮೇಲೆ ಅವನು ಒದ್ದೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತು, "ಸಾಹೇಬ್ರ, ಇದನ್ನ ಎಲ್ಲಿ ಬಿಡೂದ್ರಿ?" ಎಂದು ಕೇಳಿದ.

ನೀರು ನಳದ್ದು, ಎಲ್ಲಿಂದ ಬಂತೋ ನನಗೆ ತಿಳಿಯದು. ಇಲ್ಲಿ ಬಾವಿ ಇಲ್ಲ. ಕೇಳೋಣವೆಂದರೆ ಅಕ್ಕಾರೂ ಇಲ್ಲ.