ಜೇಬಕ್ಕನ ಪೊಟ್ಟಣಗಳು

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಲಾಂಡ್ರಿಯ ಕೌಂಟರಿನ ಹಿಂದೆ ನಿಂತು, ಬಂದ ಪ್ರತಿ ಅಂಗಿ ಪ್ಯಾಂಟಿನ ಜೇಬನ್ನು ಹೊರಗೆಳೆದು ಕೊಡವುತ್ತಿದ್ದ ಹೆಂಗಸನ್ನು ಜನ ಜೇಬಕ್ಕ ಎಂದು ಕರೆದರು, ಅವಳೂ ಓಗೊಟ್ಟಳು. ಜೇಬಿನಲ್ಲಿ ಸಿಕ್ಕಿದ್ದು ಏನೇ ಇರಲಿ, ಕಾಗದದಲ್ಲಿ ಪೊಟ್ಟಣ ಕಟ್ಟಿ, ಬಟ್ಟೆಯ ನಂಬರನ್ನೇ ಅದರ ಮೇಲೂ ಬರೆದು, ಇಸ್ತ್ರಿಯಾದ ಮೇಲೆ ಅದೇ ಬಟ್ಟೆಗೆ ಪಿನ್ನು ಚುಚ್ಚಿ ಕೊಡುವುದು ಅವಳಪ್ಪನ ಕಾಲದಿಂದ ಬಂದ ಪದ್ಧತಿ. ಅರ್ಧ ಚೀಪಿದ ಪೆಪ್ಪರಮಿಂಟು, ಹೆಂಡತಿಯದಲ್ಲದ ಹೆಂಗಸಿನ ಕಿವಿಯೋಲೆ, ಒಮ್ಮೆ ಒಬ್ಬ ಮುದಿ ಮೇಷ್ಟರ ಹಲ್ಲುಸೆಟ್ಟು, ಎಲ್ಲವೂ ಹೀಗೇ ಮರಳಿ ಹೋಗಿದ್ದವು. ಮೇಷ್ಟರು ಕೌಂಟರಿನ ಎದುರಿಗೇ ಹಲ್ಲು ಹಾಕಿಕೊಂಡು, ಆಮೇಲೆ ಥ್ಯಾಂಕ್ಸ್ ಹೇಳಿದ್ದರು.

"ಜೇಬಿನೊಳಗಿನದು ಜೇಬಿನವನದು" ಎನ್ನುತ್ತಿದ್ದ ಅಪ್ಪ. ಅಪ್ಪನಿಂದ ಅವಳ ಪಾಲಿಗೆ ಬಂದ ಆಸ್ತಿಯೆಂದರೆ ಆ ಮಾತು, ಅಂಗಡಿ, ಮತ್ತು ತಮ್ಮ. ಮದುವೆಯ ಮಾತು ಬಂದಾಗಲೆಲ್ಲ "ಇವನೊಬ್ಬ ದಡ ಸೇರಲಿ" ಎಂದು ಮುಂದೂಡಿದಳು. ಕೊನೆಗೆ ಮಾತು ಬರುವುದೇ ನಿಂತಿತು. ಅದಕ್ಕಾಗಿ ಅವಳು ಅತ್ತಿದ್ದನ್ನು ಯಾರೂ ನೋಡಿಲ್ಲ. ತಮ್ಮ ಒಳಗಡೆ ಸ್ಟೀಮ್ ಪ್ರೆಸ್ಸಿನಲ್ಲಿ ನಿಂತು ಸಿಳ್ಳೆ ಹಾಕುತ್ತ ಬಟ್ಟೆ ಒತ್ತುತ್ತಿದ್ದರೆ ಅವಳಿಗೆ ಅಷ್ಟೇ ಸಾಕಾಗಿತ್ತು.

ಒಮ್ಮೆ ವಕೀಲರ ಕರಿ ಕೋಟಿನ ಒಳಜೇಬಿನಲ್ಲಿ ಬಿಳಿ ಪುಡಿಯ ಸಣ್ಣ ಪ್ಲಾಸ್ಟಿಕ್ ಪ್ಯಾಕೆಟ್ಟು ಸಿಕ್ಕಿತು. ಅದು ಟಾಲ್ಕಮ್ ಪೌಡರ್ ಅಲ್ಲವೆಂದು ಇಬ್ಬರಿಗೂ ಗೊತ್ತಾಯಿತು.

"ಪೊಲೀಸರಿಗೆ ಹೇಳ್ಬೇಕಲ್ವಾ ಅಕ್ಕ?" ಎಂದ ತಮ್ಮ.

"ಬಟ್ಟೆ ಒಗೆಯೋದು ನಮ್ಮ ಕೆಲಸ ಕಣೋ, ಬುದ್ಧಿ ಒಗೆಯೋದಲ್ಲ. ಬೆಳೆದ ಗಂಡಸು, ಅವನ ಜೇಬು, ಅವನ ಹಣೆಬರಹ. ನಾವ್ಯಾಕೆ ಮೂಗು ತೂರಿಸೋದು?"

ಪೊಟ್ಟಣ ಕೋಟಿನ ಜೊತೆಗೇ ಹೋಯಿತು. ಅದನ್ನು ನೋಡಿ ವಕೀಲರ ಮುಖ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಮುಖವಾಯಿತು. ಅಂದಿನಿಂದ ಅವರು ಮನೆಯ ಪರದೆಗಳನ್ನೂ ಅವಳ ಅಂಗಡಿಗೇ ಕಳಿಸತೊಡಗಿದರು.

ತಮ್ಮನ ಬಲಗೈ ಪ್ರೆಸ್ಸಿನೊಳಗೆ ಸಿಕ್ಕಿದ್ದು ಒಂದು ಕಾಲರಿನ ಮಡಿಕೆಯಿಂದ. ಮಡಿಕೆ ಸರಿಮಾಡಲು ಕೈಚಾಚಿದ, ಕಾಲು ಪೆಡಲಿನ ಮೇಲೇ ಇತ್ತು. ಕಾದ ಹಲಗೆ ಕೆಳಗಿಳಿಯಿತು. ಚರ್ಮವೇನೋ ಮಾಯಿತು, ಒಳಗಿನ ಉರಿ ಮಾಯಲಿಲ್ಲ. ಗಾಳಿ ಸೋಕಿದರೂ ಹಲ್ಲು ಕಚ್ಚುತ್ತಿದ್ದ. ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗಿದ ಮೇಲೆ ನಿದ್ದೆ ಬಂತು, ಎಡಗೈಯಲ್ಲಿ ಕೆಲಸ ಮಾಡುವುದನ್ನು ಕಲಿತ, ಸಿಳ್ಳೆಯೂ ಮರಳಿತು. ಒಳ್ಳೆಯ ದಿನಗಳೇ ಎನ್ನಬೇಕು.

ಆಮೇಲೆ ಸರ್ಕಾರದ ಹೊಸ ಕಾನೂನು ಬಂತು. ಆ ಜಾತಿಯ ಮಾತ್ರೆಯನ್ನು ಅಷ್ಟು ಕಾಲ ಬರೆಯುವಂತಿಲ್ಲ ಎಂದಾಯಿತು. "ನನ್ನ ಲೈಸೆನ್ಸೇ ಹೋಗುತ್ತಪ್ಪ" ಎಂದು ಡಾಕ್ಟರು ಕೈ ಮುಗಿದರು. ಪಾಪ, ಅವರಿಗೂ ಹೊಟ್ಟೆಪಾಡು. ಆದರೆ ನೋವಿಗೆ ಕಾನೂನು ಓದಲು ಬರುವುದಿಲ್ಲ, ಅದು ಮೊದಲಿನ ಹಾಗೆಯೇ ಬಂತು. ಬಸ್ ನಿಲ್ದಾಣದ ಹಿಂದಿನ ಗೋಡೆಯ ಬಳಿ ಏನು ಬೇಕಾದರೂ ಸಿಗುತ್ತದೆಂದು ತಮ್ಮನಿಗೆ ಯಾರೋ ಹೇಳಿದರು.

ಅವನ ಅಂಗಿಯ ಜೇಬಿನಲ್ಲಿ ಅಂಥದೇ ಪ್ಯಾಕೆಟ್ಟು ಸಿಕ್ಕ ದಿನ ಜೇಬಕ್ಕನಿಗೆ ಅದು ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಅಪ್ಪನ ಪದ್ಧತಿಯನ್ನೇ ಹಿಡಿದಳು. ಮನೆಯವರ ಬಟ್ಟೆಗೆ ನಂಬರಿಲ್ಲವಾದ್ದರಿಂದ ಪೊಟ್ಟಣದ ಮೇಲೆ "ತಮ್ಮ" ಎಂದು ಬರೆದು, ಮಡಿಸಿದ ಅಂಗಿಗೆ ಚುಚ್ಚಿ, ಅವನ ಮಂಚದ ಮೇಲಿಟ್ಟಳು. ನಾಚಿಕೆಯಾಗಿ ಬಿಟ್ಟಾನು ಎಂಬ ಆಸೆ ಅವಳಿಗೆ.

ಅವನು ನಾಚಲಿಲ್ಲ, ಪಕ್ಕದಲ್ಲಿ ಬಂದು ಕೂತ.

"ಅಕ್ಕ, ಡಾಕ್ಟರು ಬರೆದಾಗ ಔಷಧಿ, ನಾನು ತಂದಾಗ ಅಪರಾಧ. ಉರಿಯೋದು ನನ್ನ ಕೈ. ಎಷ್ಟು ತಗೋಬೇಕು ಅಂತ ನನಗೆ ಗೊತ್ತು. ನನ್ನ ನೋವು ನನ್ನದಲ್ವಾ?"

"ನೋವು ನಿನ್ನದು. ನೀನು ಯಾರವನೋ?"

ಅವನು ಅವಳ ಸೆರಗಿಗೆ ಅಂಟಿದ್ದ ನೂಲೊಂದನ್ನು ತೆಗೆದು ಹಾಕಿದ.

ಸ್ವಲ್ಪ ಕಾಲ ಅವನ ಲೆಕ್ಕ ಸರಿಯಾಗಿಯೇ ನಡೆಯಿತು. ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಬಿದ್ದಿದ್ದ. ತುಟಿ ನೀಲಿಯಾಗಿತ್ತು. ಅವಳು ಕೆನ್ನೆಗೆ ಹೊಡೆದಳು, ನೀರೆರಚಿದಳು, ಬೈದಳು, ಸತ್ತ ಅಪ್ಪನನ್ನು ಕೂಗಿದಳು. ಹೇಗೋ ಉಸಿರು ಬಂತು. ಆವತ್ತಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಆದರೆ ಅಂಗಡಿ ನಡೆಸುವವಳು ಎಷ್ಟೆಂದು ಕಾದಾಳು?

ಮತ್ತೆ ಪ್ಯಾಕೆಟ್ಟು ಸಿಕ್ಕಿದಾಗ ಅವಳು ಪೊಟ್ಟಣ ಕಟ್ಟಿದಳು, ಅದನ್ನು ಅಂಗಿಗೆ ಚುಚ್ಚಲಿಲ್ಲ. ಪೊಲೀಸ್ ಠಾಣೆಗೆ ಹೋಗಿ ಮೇಜಿನ ಮೇಲಿಟ್ಟಳು. "ನನ್ನ ತಮ್ಮನ್ನ ಒಂದಷ್ಟು ದಿನ ಒಳಗಿಟ್ಟು ಈ ಚಟ ಬಿಡಿಸಿಬಿಡಿ ಸಾರ್. ಗೋಡೆಯೊಳಗಾದರೆ ಸಿಗೋದಿಲ್ಲ, ತಾನಾಗಿ ಬಿಟ್ಟುಹೋಗುತ್ತೆ" ಎಂದಳು. ಕಲೆಯಾದ ಬಟ್ಟೆಯನ್ನು ನೆನೆಹಾಕಿದರೆ ಕಲೆ ತಾನಾಗಿ ಬಿಡುವುದನ್ನು ಅವಳು ಜೀವನವಿಡೀ ನೋಡಿದ್ದಳು. ಇನ್ಸ್‌ಪೆಕ್ಟರು ಅವಳನ್ನು ಒಮ್ಮೆ ನೋಡಿದರು. "ಒಳಗಿಡೋದು ನಮ್ಮ ಕೈಲಿದೆಯಮ್ಮ, ಬಿಡಿಸೋದು ಇಲ್ಲ" ಎಂದರು. ಕೇಸು ಬರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಜೈಲಿನ ಭೇಟಿಯಲ್ಲಿ ತಮ್ಮ ಸರಳಿನ ಆಚೆ ನಿಂತ. ಕೆನ್ನೆ ತುಂಬಿಕೊಂಡಿತ್ತು, ಕಣ್ಣು ತಿಳಿಯಾಗಿತ್ತು. ಬಲಗೈಯನ್ನು ಕಂಕುಳಲ್ಲಿ ಅವುಚಿಕೊಂಡಿದ್ದ. ಅವಳಿಗೆ ಕೆನ್ನೆ ಕಂಡಿತು, ಕೈ ಕಾಣಲಿಲ್ಲ.

"ವಕೀಲರ ಜೇಬಿಗೊಂದು ನ್ಯಾಯ, ನನ್ನ ಜೇಬಿಗೊಂದಾ ಅಕ್ಕ?" ಎಂದ, ಜಗಳದ ದನಿಯಲ್ಲಲ್ಲ.

"ವಕೀಲರು ಸತ್ರೆ ನಾನು ಅಳೋದಿಲ್ಲ."

ಅದಕ್ಕೆ ಅವನು ನಕ್ಕ. ಆಮೇಲೆ, "ಬಿಡುಗಡೆ ದಿನ ನೀನು ಬರಬೇಡ. ಚಿಕ್ಕ ಮಗು ಥರ ಕೈ ಹಿಡ್ಕೊಂಡು ಕರ್ಕೊಂಡು ಹೋಗೋದು ಬೇಡ. ನಾನೇ ಬಸ್ಸು ಹತ್ತಿ ಮನೆಗೆ ಬರ್ತೀನಿ" ಎಂದ.

ಹೋಗಲೇಬೇಕೆಂದು ಅವಳಿಗಿತ್ತು. ಆದರೆ ಒಮ್ಮೆ ಅವನನ್ನು ಕೇಳದೆ ಅವನ ಬದುಕಿಗೆ ಕೈಹಾಕಿದ್ದು ಸಾಕು, ಈ ಸಲವಾದರೂ ಅವನ ಮಾತಿಗೆ ಬೆಲೆ ಕೊಡೋಣ ಎಂದುಕೊಂಡಳು. ಬಿಡುಗಡೆಯ ದಿನ ಅನ್ನ ಮಾಡಿಟ್ಟು, ಅಂಗಡಿಯ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಕೂತಳು. ಬಸ್ಸುಗಳು ಬಂದವು, ಹೋದವು. ಸಂಜೆ ಬಂದವನು ಒಬ್ಬ ಪೇದೆ.

ತಮ್ಮ ಅದೇ ಬಸ್ ನಿಲ್ದಾಣದ ಶೌಚಾಲಯದಲ್ಲಿ ಸಿಕ್ಕಿದನಂತೆ, ಉಸಿರಿರಲಿಲ್ಲವಂತೆ. ಆಸ್ಪತ್ರೆಯ ಚಿಕ್ಕ ವಯಸ್ಸಿನ ಡಾಕ್ಟರು ಅವಳ ಮುಖ ನೋಡದೆ ಹೇಳಿದರು. "ಮೊದಲು ತಗೋತಿದ್ದಷ್ಟೇ ತಗೊಂಡಿದ್ದಾರೆ. ಒಳಗಿದ್ದಾಗ ಮೈಗೆ ಅಭ್ಯಾಸ ತಪ್ಪಿರುತ್ತೆ, ತಡೆಯೋದಿಲ್ಲ. ಹೊರಗೆ ಬಂದವರು ಹೀಗೆ ಹೋಗೋದು ನಾವು ನೋಡ್ತಾನೇ ಇರ್ತೀವಿ."

"ನೋಡ್ತಾನೇ ಇರ್ತೀರಾ" ಎಂದಳು ಅವಳು. "ನನಗೆ ಯಾರೂ ಹೇಳ್ಲಿಲ್ಲ."

ಅವನ ಬಟ್ಟೆಯನ್ನು ಒಂದು ಚೀಲದಲ್ಲಿ ಹಾಕಿ ಕೊಟ್ಟರು. ಮಣ್ಣು ಮಾಡಿ ಬಂದ ಮೇಲೆ ಅವಳು ಆ ಅಂಗಿಯನ್ನು ಕೌಂಟರಿನ ಮೇಲೆ ಹರವಿದಳು. ಕೈ ತಾನಾಗಿ ಜೇಬಿಗೆ ಹೋಯಿತು. ಮನೆ ಹತ್ತಿರದ ಸ್ಟಾಪಿನವರೆಗೂ ತೆಗೆದ ಬಸ್ ಟಿಕೆಟ್ಟು ಇತ್ತು. ಮನೆಗೆ ಹೊರಟವನೇ ದಾರಿಯಲ್ಲಿ ಇಳಿದಿದ್ದ. ಠಾಣೆಗೆ ಹೋಗದಿದ್ದರೆ ಬಚ್ಚಲಿನಲ್ಲೇ ಸಾಯುತ್ತಿದ್ದನೋ, ಹೋದದ್ದರಿಂದಲೇ ಹೀಗೆ ಸತ್ತನೋ, ಯಾವ ಕಡೆಯಿಂದ ಮಡಿಸಿದರೂ ಆ ಯೋಚನೆ ಸರಿಯಾಗಿ ಮಡಿಕೆಯಾಗಲಿಲ್ಲ. ಅತ್ತ ದರಿ, ಇತ್ತ ಪುಲಿ. ಅಂಗಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಟಿಕೆಟ್ಟನ್ನು ಪೊಟ್ಟಣ ಕಟ್ಟಿ ಮೇಲೆ "ತಮ್ಮ" ಎಂದು ಬರೆದಳು. ಪಿನ್ನು ಚುಚ್ಚುವಾಗ ಬೆರಳಿಗೆ ತಾಗಿ ರಕ್ತ ಬಂತು. ಮಂಚದ ಮೇಲಿಟ್ಟು ಬಂದಳು.

ಅಂಗಡಿಯಲ್ಲಿ ವಕೀಲರು ಕಾಯುತ್ತಿದ್ದರು. ವಿಷಯ ಕೇಳಿ ಬೇಜಾರಾಯಿತು ಎಂದರು, ನಿಜವಾಗಿಯೇ ಬೇಜಾರಾಗಿತ್ತು ಅವರಿಗೆ. ಕೋಟನ್ನು ಕೌಂಟರಿನ ಮೇಲಿಟ್ಟು ಹೊರಟರು. ಜೇಬಕ್ಕ ಒಳಜೇಬಿಗೆ ಕೈಹಾಕಿದಳು. ಸಿಕ್ಕಿದ ಪ್ಯಾಕೆಟ್ಟನ್ನು ಅಂಗೈಯಲ್ಲಿ ಹಿಡಿದು ನಿಂತಳು, ಅದಕ್ಕೆ ಕಾಗದ ಸುತ್ತಿದಳು, ಮೇಲೆ ಕೋಟಿನ ನಂಬರು ಬರೆದಳು.