ಟವೆಲ್ಲಿನ ಕೆಳಗಿನ ಮಾತು

ನಿಲಂಗಾದ ಮೋಂಢಾದಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ನಮ್ಮದು ಅಡತಿ ಅಂಗಡಿ, ರೈತರ ಕಾಳು ಮಾರಿಸಿ ಕಮಿಷನ್ ಪಡೆಯುವ ದಲ್ಲಾಳಿ ಕೆಲಸ. ದೊಡ್ಡಪ್ಪ, ಅಪ್ಪ ಕೂಡಿ ನಡೆಸುತ್ತಿದ್ದರು. ಅಲ್ಲಿ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಕೈಗಳ ಮೇಲೆ ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು ತಿಳಿಸುವುದು. ಒಪ್ಪಿದರೆ ಅಂಗೈ ಅದುಮುವುದು. ಸಾಕ್ಷಿ ಇಲ್ಲ, ಕಾಗದ ಇಲ್ಲ. ಆದರೂ ಅದುಮಿದ ಮೇಲೆ ಮಾತು ತಪ್ಪಿದವನನ್ನು ನಾನು ಕಂಡಿರಲಿಲ್ಲ.

ದೊಡ್ಡಪ್ಪ ಆಳುವ ಪಕ್ಷದ ತಾಲೂಕು ಅಧ್ಯಕ್ಷ. ನಮ್ಮದು ಬಡವರ ಪಕ್ಷ, ಹಮಾಲರ ಪಕ್ಷ ಎಂದು ಭಾಷಣ ಬಿಗಿಯುತ್ತಿದ್ದ. ಅದೇ ಪಕ್ಷ ಸುಧಾರಣೆ ಎಂದು ಹೊಸ ಕಾನೂನು ತಂದಿತು: ಕಾಳನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಕೊಳ್ಳಬಹುದು, ಮೋಂಢಾಕ್ಕೆ ತರಬೇಕಿಲ್ಲ. ಪಕ್ಷ ಎರಡು ಹೋಳಾಯಿತು. ಒಂದು ಗುಂಪು ರೈತನಿಗೆ ಬಿಡುಗಡೆ ಅಂದಿತು. ದೊಡ್ಡಪ್ಪನ ಗುಂಪು ಹಮಾಲರ ಹೊಟ್ಟೆಯ ಮೇಲೆ ಹೊಡೆಯಬೇಡಿ ಅಂದಿತು. ಅವನ ಅಡತಿಯೂ ಉಳಿಯಬೇಕಿತ್ತು. ಅದನ್ನು ಮಾತ್ರ ಭಾಷಣದಲ್ಲಿ ಹೇಳುತ್ತಿರಲಿಲ್ಲ.

ಜಿಲ್ಲೆಯ ತಾಲೂಕು ಅಧ್ಯಕ್ಷರನ್ನು ಹೊಸದಾಗಿ ಆರಿಸಲು ಉದಗೀರದಲ್ಲಿ ಸಭೆ ಇಟ್ಟರು. ಹೊರಡುವ ಮುಂಚೆ ದೊಡ್ಡಪ್ಪ ಅಂಗಡಿಯ ಗಾದಿಯ ಮೇಲೆ ಕುಳಿತು, ಟವೆಲ್ ಹೊದಿಸಿದ ಕೈಯನ್ನು ಅಪ್ಪನ ಕಡೆ ಚಾಚಿದ.

"ನೀ ನನ್ನ ಕಡಿ ಇದ್ದೀ ಇಲ್ಲೋ?"

ಅಪ್ಪ ಒಳಗೆ ಕೈ ಇಟ್ಟು ಅದುಮಿದ. ದೊಡ್ಡಪ್ಪನ ಮುಖ ಅರಳಿತು. "ಸಾಕು ಬಿಡು," ಅಂದವನು ಆಮೇಲೆ ಒಬ್ಬರಿಗೂ ಫೋನ್ ಮಾಡಲಿಲ್ಲ. ರಾಜಕೀಯವನ್ನೂ ತೊಗರಿ ವ್ಯಾಪಾರ ಅಂದುಕೊಂಡಿದ್ದ ಪುಣ್ಯಾತ್ಮ.

ಸಭೆಯಲ್ಲಿ ನಮ್ಮ ತಾಲೂಕಿನ ಹೊಸ ಅಧ್ಯಕ್ಷನ ಹೆಸರು ಸೂಚಿಸಲು ಎದ್ದು ನಿಂತವನು ನನ್ನ ಅಪ್ಪ. ಸೂಚಿಸಿದ್ದು ಎದುರು ಗುಂಪಿನವನನ್ನು. ನಾನು ಹೆಂಗಸರ ಸಾಲಿನಲ್ಲಿ ಕುಳಿತಿದ್ದೆ. ಕೈಗಳು ಎದ್ದವು, ಚಪ್ಪಾಳೆ ಬಿತ್ತು. ನಮ್ಮ ಕಡೆ ಕುರ್ಚಿ ಕಳೆದುಕೊಂಡವನಿಗೂ ಸತ್ಕಾರ ತಪ್ಪುವುದಿಲ್ಲ. ದೊಡ್ಡಪ್ಪನಿಗೆ ಶಾಲು ಹೊದಿಸಲು ಅವನ ತಮ್ಮನನ್ನೇ ಕರೆದರು. ಅಪ್ಪ ನಗುತ್ತ ಹೊದಿಸಿದ. ಫೋಟೋ ಸರಿ ಬರಲಿಲ್ಲವೆಂದು ತೆಗೆದು ಇನ್ನೊಮ್ಮೆ ಹೊದಿಸಿದ. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮುಂದಿನ ಸುಗ್ಗಿಗೆ ಊರ ಹೊರಗೆ ಒಂದು ಕಂಪನಿಯ ಖರೀದಿ ಕೇಂದ್ರ ತೆರೆಯಿತು. ಅಪ್ಪ ಅದರ ಏಜೆಂಟ್. ಮೋಂಢಾದಲ್ಲಿ ಪಾರಿವಾಳಗಳಿಗೂ ಕಾಳು ಸಿಗದಂತಾಯಿತು. ಹಮಾಲರು ಉಮರ್ಗಾದ ಇಟ್ಟಂಗಿ ಭಟ್ಟಿಗಳಿಗೆ ಹೋದರು.

ನಾನು ಖರೀದಿ ಕೇಂದ್ರಕ್ಕೆ ಅಪ್ಪನ ಬುತ್ತಿ ಒಯ್ದ ಒಂದು ದಿನ ದೊಡ್ಡಪ್ಪ ತನ್ನ ಹೊಲದ ತೊಗರಿ ತಂದಿದ್ದ. ಹೆಗಲ ಮೇಲೆ ಅದೇ ಶಾಲು. ಅವನ ಸರದಿ ಬಂತು. ಕೆಲಸದವನು ಚೀಲವನ್ನು ತೂಕದ ಯಂತ್ರಕ್ಕೆ ಏರಿಸಿದ. ದೊಡ್ಡಪ್ಪ ಶಾಲನ್ನು ಕೈಗೆ ಹೊದಿಸಿ ಮೇಜಿನಾಚೆ ಅಪ್ಪನ ಕಡೆ ಚಾಚಿದ.

"ದರಾ ಬೋರ್ಡಿನ ಮ್ಯಾಲ ಅದ, ಓದ್ಕೋರಿ," ಅಂದ ಅಪ್ಪ. ಹುಟ್ಟಿದಾಗಿನಿಂದ ನೀ ಅಂದ ಅಣ್ಣನಿಗೆ ಅಂದು ರೀ ಹಚ್ಚಿದ. ಸಾಲಿನಲ್ಲಿದ್ದವರು ನಕ್ಕರು.

ದೊಡ್ಡಪ್ಪ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಹಳೇ ಚಾಳಿ, ಬಿಡೋದಿಲ್ಲ ಎಂದು ಅಪ್ಪ ಆಮೇಲೆ ಮನೆಯಲ್ಲಿ ಹೇಳಿದ. ಸುಳ್ಳು. ತಮ್ಮ ಇನ್ನೊಮ್ಮೆ ಆ ಕೈ ಹಿಡಿಯಲಿ ಎಂದೇ ದೊಡ್ಡಪ್ಪ ಅಷ್ಟು ದೂರ ಬಂದಿದ್ದ.

ದೊಡ್ಡಪ್ಪ ಶಾಲನ್ನು ಮಡಚಿ ಚೀಲದ ಮೇಲಿಟ್ಟ. "ಇದನ್ನೂ ತೂಗು."

ಅಪ್ಪ ಯಂತ್ರದ ಅಂಕಿಯಿಂದ ಕಣ್ಣು ತೆಗೆಯಲಿಲ್ಲ. "ಆ ಶಾಲ್ ತಗಿ," ಅಂದ ಕೆಲಸದವನಿಗೆ, "ಅರಿವಿ ತೂಕ ಕಾಳಿನಾಗ ಬರಬಾರದು."

ತೂಕದಲ್ಲಿ ನನ್ನ ಅಪ್ಪ ಯಾರಿಗೂ ಮೋಸ ಮಾಡಿದವನಲ್ಲ.