ಗೋಲ್‌ಕೀಪರ್ ತುಂಬಾ ಸೈಲೆಂಟ್

"ನಮ್ಮ ಹುಡುಗಿ ತುಂಬಾ ಸೈಲೆಂಟ್. ಎದುರು ಮಾತಾಡೋದೇ ಗೊತ್ತಿಲ್ಲ. ಮನೇಲಿದ್ದಾಳೋ ಇಲ್ವೋ ಅಂತಲೇ ಗೊತ್ತಾಗಲ್ಲ."

ಇಷ್ಟನ್ನೂ ನಾನು ಗಂಡಿನ ಕಡೆಯವರ ಮುಂದೆ ಹೇಳಿದೆ ಅಂದುಕೊಂಡಿರಾ? ಅಲ್ಲ. ಅಮೆರಿಕದ ಒಂದು ಕಾಲೇಜಿನ ಫುಟ್‌ಬಾಲ್ ಕೋಚ್ ಮುಂದೆ, ವಿಡಿಯೊ ಕಾಲ್‌ನಲ್ಲಿ, ಒಂದೊಂದು ಮಾತನ್ನೂ ಇಂಗ್ಲಿಷಿಗೆ ತಿರುಗಿಸಿಕೊಂಡು, ಮುಖದ ತುಂಬ ನಗು ಇಟ್ಟುಕೊಂಡು ಹೇಳಿದೆ. ಆಕೆ ಹುಡುಕುತ್ತಿದ್ದದ್ದು ಸೊಸೆಯನ್ನಲ್ಲ, ಗೋಲ್‌ಕೀಪರನ್ನು.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಈ ಅಂಕಣವನ್ನೂ ಅಡುಗೆಮನೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ (ಮಧ್ಯೆ ಸಾರು ಉಕ್ಕಿದರೆ ಕ್ಷಮಿಸಿ).

ನನ್ನ ಮಗಳು ಧೃತಿ ನಿಮಗೆ ಗೊತ್ತು. ಈ ಅಂಕಣದಲ್ಲಿ ಅವಳ ಹಾಲುಹಲ್ಲು ಬಿದ್ದದ್ದನ್ನೂ ಬರೆದಿದ್ದೇನೆ. ಈಗ ಹನ್ನೆರಡನೇ ಕ್ಲಾಸು. ಕುವೈತ್‌ನಲ್ಲಿ ಹನ್ನೆರಡನೇ ಕ್ಲಾಸಿನ ಮಕ್ಕಳಿರುವ ನಮ್ಮಂಥವರ ಮನೆಗಳಲ್ಲಿ ಒಂದೇ ಪ್ರಶ್ನೆ. ಮುಂದೆ ಎಲ್ಲಿಗೆ? ಇಲ್ಲೇ ಹುಟ್ಟಿ ಇಲ್ಲೇ ಬೆಳೆದರೂ ಕಾಲೇಜು ಅಂದಕೂಡಲೇ ಬಹಳಷ್ಟು ಮಕ್ಕಳು ಗಂಟುಮೂಟೆ ಕಟ್ಟಬೇಕು.

ನನ್ನ ಗಂಡ ಸತೀಶನ ಬಳಿ ಉತ್ತರ ರೆಡಿ ಇತ್ತು. ಮೈಸೂರು, ಎನ್‌ಆರ್‌ಐ ಕೋಟಾ, ಎಂಜಿನಿಯರಿಂಗ್. ಧೃತಿಯ ಬಳಿಯೂ ಉತ್ತರ ರೆಡಿ ಇತ್ತು. ಅಮೆರಿಕ, ಸ್ಕಾಲರ್‌ಶಿಪ್, ಗೋಲ್‌ಪೋಸ್ಟ್. ಕೊನೆಗೆ ಅಪ್ಪ ಮಗಳ ನಡುವೆ ಒಪ್ಪಂದವಾಯಿತು. ಈ ವರ್ಷ ಯಾವುದಾದರೂ ಕಾಲೇಜು ತಂಡ ಕರೆದರೆ ಹೋಗುವುದು. ಕರೆಯದಿದ್ದರೆ ಗ್ಲೌಸ್ ಎತ್ತಿಟ್ಟು, ಬಾಯಿ ಮುಚ್ಚಿಕೊಂಡು ಮೈಸೂರಿಗೆ ಟಿಕೆಟ್ ಮಾಡಿಸುವುದು.

ಅಮೆರಿಕದವರು ಫುಟ್‌ಬಾಲ್‌ಗೆ ಸಾಕರ್ ಅನ್ನುತ್ತಾರೆ. ಅಲ್ಲಿನ ಕಾಲೇಜುಗಳು ಹೆಣ್ಣುಮಕ್ಕಳ ತಂಡಕ್ಕೆ ಹೊರದೇಶದ ಹುಡುಗಿಯರನ್ನೂ ಹುಡುಕುತ್ತವೆ. ಕೋಚ್‌ಗಳು ಎಷ್ಟು ದೇಶಕ್ಕೆ ಅಂತ ಹೋಗಿಯಾರು? ವಿಡಿಯೊ ತರಿಸಿಕೊಂಡು ನೋಡುತ್ತಾರೆ. ಓಡುವವರು, ಹೊಡೆಯುವವರು ತಂಡಕ್ಕೆ ಹಲವರು ಬೇಕು. ಹೊಸ ಕೀಪರ್ ಒಬ್ಬಳು ಸಿಕ್ಕರೆ ಸಾಕು. ಇರುವುದು ಒಂದು ಜಾಗ, ಅದಕ್ಕೆ ಲೋಕದ ಹುಡುಗಿಯರೆಲ್ಲ ಸಾಲು.

ಆ ವಿಡಿಯೊ ಮಾಡಿದ್ದು ನಾನು. ಕರ್ಮ.

ಧೃತಿ ಆಡುವುದು ಅಬು ಹಲೀಫಾ ಕಡೆಯ ಒಂದು ಅಕಾಡೆಮಿಯಲ್ಲಿ. ಅವಳ ಕೋಚ್ ಈಜಿಪ್ಟಿನವರು, ಹೆಸರು ತಾರಿಕ್. ಇಲ್ಲಿ ಕೋಚ್‌ಗೆ ಎಲ್ಲರೂ ಕ್ಯಾಪ್ಟನ್ ಅಂತಲೇ ಅನ್ನುವುದು. ಕ್ಯಾಪ್ಟನ್ ತಾರಿಕ್ ಗೋಲಿನ ಹಿಂದೆ ಕ್ಯಾಮೆರಾ ಇಟ್ಟು ಮ್ಯಾಚುಗಳನ್ನೆಲ್ಲ ರೆಕಾರ್ಡ್ ಮಾಡಿಕೊಟ್ಟಿದ್ದರು. ಮಗಳಿಗೆ ಪ್ರಿಪರೇಟರಿ ಪರೀಕ್ಷೆ. ನಾನು ಎಡಿಟ್ ಮಾಡ್ತೀನಿ ಬಿಡು ಅಂದೆ.

ಹೆಡ್‌ಫೋನ್ ಹಾಕಿಕೊಂಡು ಕೂತವಳು ಬೆಚ್ಚಿಬಿದ್ದೆ. ಇದು ನಮ್ಮ ಧೃತಿಯಾ? ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಾಳೆ. ಯಲ್ಲಾ, ಬೇಗ ಮುಂದೆ ಹೋಗ್ರೇ ಅಂತ ಅರಬಿಯಲ್ಲಿ ಅವಸರಿಸುತ್ತಾಳೆ. ಎಡಕ್ಕೆ, ಎಡಕ್ಕೆ ಅಂತ ಇಂಗ್ಲಿಷಿನಲ್ಲಿ ಕಿರುಚುತ್ತಾಳೆ. ಮರಿಯಮ್ ಎಂಬ ಹುಡುಗಿಗೆ ನಿದ್ದೆ ಮಾಡ್ತಿದ್ದೀಯಾ ಅಂತ ಹಿಂದಿಯಲ್ಲಿ ಬೈಯುತ್ತಾಳೆ. ಚೆಂಡು ತಪ್ಪಿದಾಗ ಅಚ್ಚ ಕನ್ನಡದಲ್ಲಿ ಒಂದು ಮಾತು ಅಂದಳು. ಅದನ್ನು ಇಲ್ಲಿ ಬರೆದರೆ ಸಂಪಾದಕರು ನನ್ನನ್ನು ಮನೆಗೆ ಕಳಿಸುತ್ತಾರೆ (ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಇದನ್ನು ಎಲ್ಲಿ ಕಲಿತಳೋ).

ನನಗೆ ನಾಚಿಕೆಯಾಯಿತು. ಹೀಗೆ ಬಜಾರಿ ಹಾಗೆ ಅರಚುವುದನ್ನು ಕಂಡರೆ ಆ ಕಾಲೇಜಿನವರು ಏನಂದುಕೊಂಡಾರು? ಸಂಸ್ಕಾರ ಇಲ್ಲದ ಹುಡುಗಿ ಅನ್ನುವುದಿಲ್ಲವೇ? ದನಿಯನ್ನೆಲ್ಲ ಅಳಿಸಿದೆ. ಅದರ ಜಾಗಕ್ಕೆ ಹಿತವಾದ ಕೊಳಲು ಹಾಕಿದೆ. ಮೊದಲು ನಮ್ಮ ಫ್ಯಾಮಿಲಿ ಗ್ರೂಪಿಗೆ ಕಳಿಸಿದೆ. ನಾದಿನಿ ತಕ್ಷಣ ಮೆಸೇಜ್ ಮಾಡಿದಳು, ಮ್ಯೂಸಿಕ್ ತುಂಬಾ ಚೆನ್ನಾಗಿದೆ ಅಂತ. ಆಟದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ನನಗದು ಆಗ ಹೊಳೆಯಲೂ ಇಲ್ಲ.

ಧೃತಿ ನೋಡಿದಳು. ಆಡಿಯೊ ಎಲ್ಲಿ ಅಂತ ಒಂದೇ ಸಲ ಕೇಳಿದಳು. ಇದೇ ಪ್ರೊಫೆಷನಲ್ ಆಗಿ ಕಾಣುತ್ತೆ ಕಣೇ ಅಂದೆ. ಓಕೆ ಅಮ್ಮ ಅಂದಳು. ನನ್ನ ಮಗಳು ಎದುರು ಮಾತಾಡುವುದಿಲ್ಲವಲ್ಲ.

ಬಹಳಷ್ಟು ಕಾಲೇಜುಗಳಿಗೆ ಕಳಿಸಿದೆವು. ಮಾತಾಡೋಣ ಅಂದದ್ದು ಒಬ್ಬ ಕೋಚ್ ಮಾತ್ರ.

ಆ ಸಂಜೆ ನಮ್ಮ ರಿಗ್ಗೈ ಫ್ಲ್ಯಾಟನ್ನು ನೀವು ನೋಡಬೇಕಿತ್ತು. ಸೋಫಾ ಕವರ್ ಬದಲಾಯಿತು. ಸತೀಶ ಇಸ್ತ್ರಿ ಶರ್ಟ್ ಹಾಕಿದ. ನಾನು ಕೆಲಸ ಮಾಡುವ ಶರ್ಕ್ ಏರಿಯಾದ ಬ್ಯಾಂಕಿನಿಂದ ಬೇಗ ಬಂದು ರೇಷ್ಮೆ ಸೀರೆ ಉಟ್ಟೆ. ಇಷ್ಟೇ ಆಗಿದ್ದರೆ ಪರವಾಗಿಲ್ಲ, ಕೇಸರಿಬಾತನ್ನೂ ಮಾಡಿದ್ದೆ. ಯಾರಿಗೆ? ಲ್ಯಾಪ್‌ಟಾಪಿಗೆ? ಆ ಕಡೆ ಕೋಚ್ ಟೀ ಶರ್ಟ್ ಹಾಕಿಕೊಂಡು, ಕೈಯಲ್ಲಿ ಕಾಫಿ ಮಗ್ ಹಿಡಿದು ಕೂತಿದ್ದರು. ಅಲ್ಲಿ ಬೆಳಗ್ಗೆ.

ಧೃತಿಯ ಜೊತೆ ಮಾತು ಸಲೀಸಾಗಿ ಸಾಗಿತ್ತು. ಆಮೇಲೆ ಕೋಚ್ ನಮ್ಮ ಕಡೆ ತಿರುಗಿ, ನಿಮ್ಮ ಮಗಳು ಎಂಥವಳು ಹೇಳಿ ಅಂದರು. ಸತೀಶ ಮಾರ್ಕ್ಸ್ ಹೇಳಿದ. ನಾನು ಮೇಲೆ ಬರೆದ ಮುತ್ತುಗಳನ್ನು ಉದುರಿಸಿದೆ. ಕೋಚ್ ಏನನ್ನೋ ಬರೆದುಕೊಂಡರು. ವಿಡಿಯೊದಲ್ಲಿ ದನಿಯೇ ಇರಲಿಲ್ಲ, ಫೀಲ್ಡಿನಲ್ಲಿ ಮಾತಾಡುತ್ತಾಳಾ ಅಂತ ಕೇಳಿದರು.

ಆ ಪ್ರಶ್ನೆ ಇದ್ದದ್ದು ಧೃತಿಗೆ. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ನಾನು ನುಗ್ಗಿದೆ. ಇಲ್ಲಪ್ಪ, ಇಲ್ಲ, ತುಂಬಾ ಡಿಸಿಪ್ಲಿನ್ಡ್, ಗಲಾಟೆ ಮಾಡುವವಳೇ ಅಲ್ಲ ಅಂದೆ. ಅವಳು ನನ್ನನ್ನೊಮ್ಮೆ ನೋಡಿ ಬಾಯಿ ಮುಚ್ಚಿದಳು. ಕಾಲ್ ಮುಗಿಯಿತು. ಇಂಟರ್‌ವ್ಯೂ ಪಾಸ್ ಅಂತ ನಾನೇ ಎಲ್ಲರಿಗೂ ಕೇಸರಿಬಾತ್ ಬಡಿಸಿದೆ.

ಮಾರನೇ ದಿನ ಗ್ರೌಂಡಿನಲ್ಲಿ ಕ್ಯಾಪ್ಟನ್ ತಾರಿಕ್‌ಗೆ ಹೆಮ್ಮೆಯಿಂದ ವರದಿ ಒಪ್ಪಿಸಿದೆ. ಅವರು ಅರ್ಧಕ್ಕೇ ಹಣೆ ಚಚ್ಚಿಕೊಂಡರು. ಇಡೀ ಮೈದಾನ ಕಣ್ಣ ಮುಂದೆ ಕಾಣುವುದು ಕೀಪರ್ ಒಬ್ಬಳಿಗೇ. ಬೆನ್ನ ಹಿಂದಿನಿಂದ ಯಾರು ಬರುತ್ತಿದ್ದಾರೆ ಅಂತ ಉಳಿದವರಿಗೆ ಹೇಳುವವಳೂ ಅವಳೇ. ಅದಕ್ಕೇ ಕೋಚ್‌ಗಳು ಮೊದಲು ಕೀಪರ್ ದನಿ ಕೇಳುತ್ತಾರೆ, ಆಮೇಲೆ ಕೈ ನೋಡುತ್ತಾರೆ. ಇಷ್ಟನ್ನೂ ಅವರು ಅರೆ ಅರಬಿ, ಅರೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಕೊನೆಗೆ ಅಂದರು, "ಮದಾಮ್, ಮಾತಾಡದ ಕೀಪರ್ ಅಂದ್ರೆ ಖಲಾಸ್. ನಾನು ಇಷ್ಟು ವರ್ಷ ಆ ಹುಡುಗಿಯ ಬಾಯಿ ತೆರೆಸಿದ್ದೇ ದೊಡ್ಡ ಕೆಲಸ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರಲ್ಲ, ನಾನು ಎರಡನ್ನೂ ಒಟ್ಟಿಗೆ ಮಾಡಿ ಮುಗಿಸಿದ್ದೆ.

ಆ ಸಂಜೆ ಕಾರಿನಲ್ಲಿ ಎಸಿ ಹಾಕಿಕೊಂಡು ಮೊಬೈಲ್ ನೋಡುತ್ತಾ ಕೂರಲಿಲ್ಲ. ಬೇಲಿ ಹಿಡಿದು ನಿಂತು ನೋಡಿದೆ. ಅವಳು ಕೂಗಿದರೆ ಹುಡುಗಿಯರು ತಿರುಗುತ್ತಾರೆ, ಸರಿಯುತ್ತಾರೆ, ಓಡುತ್ತಾರೆ. ನಮ್ಮ ಮನೆಯಲ್ಲಿ ಅವಳ ಮಾತಿಗೆ ಯಾರೂ ಹೀಗೆ ತಿರುಗಿದ್ದು ನನಗೆ ನೆನಪಿಲ್ಲ.

ನಾವು ಹೆಣ್ಣುಮಕ್ಕಳನ್ನು ಹೊಗಳುವುದನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಜೋರಾಗಿ ನಗಲ್ಲ. ಹಟ ಮಾಡಲ್ಲ. ಇದೇ ಬೇಕು ಅನ್ನಲ್ಲ. ಹುಡುಗಿಯಲ್ಲಿ ಏನಿದೆ ಅಂತ ಎಂದಾದರೂ ಹೇಳುತ್ತೇವಾ? ಏನೇನಿಲ್ಲ ಅನ್ನುವುದೇ ನಮ್ಮ ಹೊಗಳಿಕೆ. ಅದರಲ್ಲೂ ಗಲ್ಫಿನಲ್ಲಿರುವ ನಾವು ಒಂದು ಕೈ ಮೇಲೆ. ಪರದೇಶ, ಲಿಫ್ಟ್‌ನಲ್ಲಿ ಮೆಲ್ಲಗೆ ಮಾತಾಡು. ಕಾರಿನ ಗಾಜು ಇಳಿದಿದೆ, ಮೆಲ್ಲಗೆ. ಸಿಟ್ಟು ಬಂದಿದೆಯಾ, ಅದನ್ನೂ ಮೆಲ್ಲಗೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತ ಗಾದೆ ಹೇಳುವವರೂ ನಾವೇ. ಆ ಗಾದೆಯಲ್ಲಿ ಬದುಕಿದವನೂ ಗಂಡಸೇ, ಗಮನಿಸಿದ್ದೀರಾ?

ಕೊಳಲು ತೆಗೆದೆ. ಕೂಗಾಟ, ಬೈಗುಳ, ಆ ಒಂದು ಕನ್ನಡ ಪದ, ಎಲ್ಲವನ್ನೂ ವಾಪಸ್ ಹಾಕಿ ಕೋಚ್‌ಗೆ ಕಳಿಸಿದೆ. ತಪ್ಪು ನನ್ನದು, ದಯವಿಟ್ಟು ಸೌಂಡ್ ಜೋರು ಮಾಡಿ ಕೇಳಿ ಅಂತ ಬರೆದೆ. ಆಮೇಲೆ ಶುರುವಾಯಿತು ಕಾಯುವ ಪಾಡು. ಬ್ಯಾಂಕಿನಲ್ಲಿ ಕಸ್ಟಮರ್ ಎದುರು ಕೂತಿದ್ದರೂ ಕಣ್ಣು ಮೊಬೈಲಿನ ಮೇಲೆ. ಸಿಗ್ನಲ್ ಹಸಿರಾದದ್ದು ಗೊತ್ತಾಗದೆ ಹಿಂದಿನವರಿಂದ ಹಾರ್ನ್ ಹೊಡೆಸಿಕೊಂಡೆ. ಮನೆಗೆ ಬಂದರೆ ಕಾಲು ಸುಟ್ಟ ಬೆಕ್ಕಿನ ಹಾಗೆ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ. ಧೃತಿ ಮಾತ್ರ ತನ್ನ ಪಾಡಿಗೆ ಫಿಸಿಕ್ಸ್ ಓದುತ್ತಿದ್ದಳು. ಉತ್ತರ ಬಂತಾ ಅಂತ ಒಮ್ಮೆಯೂ ಕೇಳಲಿಲ್ಲ.

ನಿನ್ನೆ ಸಂಜೆ ಉತ್ತರ ಬಂತು. ನಾನೂ ಧೃತಿಯೂ ಒಟ್ಟಿಗೆ ಓದಿದೆವು. ಒಳ್ಳೆಯ ಹೆಂಗಸು, ಮೆತ್ತಗೇ ಬರೆದಿದ್ದರು. ಹೊಸ ವಿಡಿಯೊ ತಲುಪುವ ಹೊತ್ತಿಗೆ ಬೇರೆ ದೇಶದ ಇನ್ನೊಬ್ಬ ಕೀಪರ್ ಒಪ್ಪಿಕೊಂಡಾಗಿತ್ತಂತೆ. ಈ ದನಿಯನ್ನು ಮೊದಲೇ ಕೇಳಿದ್ದರೆ ಚೆನ್ನಾಗಿತ್ತು ಅಂತ ಕೊನೆಯ ಸಾಲು.

ಸತೀಶ ಗಂಟಲು ಸರಿಮಾಡಿಕೊಂಡು ಮೈಸೂರಿನ ಅಪ್ಲಿಕೇಶನ್ ಡೇಟ್ ಬಗ್ಗೆ ಏನೋ ಹೇಳಹೊರಟ. ಸುಮ್ಮನಿರು ಅಂತ ಕಣ್ಣಲ್ಲೇ ಗದರಿದೆ. ಮಗಳ ಕೈ ಹಿಡಿದುಕೊಂಡೆ. ನನಗೆ ಅಳು ಬರುತ್ತಿತ್ತು.

"ಬೈಯೇ ನನ್ನ. ಗ್ರೌಂಡಲ್ಲಿ ಅವರನ್ನೆಲ್ಲ ಬೈತೀಯಲ್ಲ, ಹಂಗೇ ಬೈಯಿ."

"ಇಟ್ಸ್ ಓಕೆ ಅಮ್ಮ. ಯೂ ಡಿಡಂಟ್ ನೋ."

ಕೈ ಬಿಡಿಸಿಕೊಂಡು ಎದ್ದಳು. ಕುರ್ಚಿಯನ್ನು ಎತ್ತಿ ಒಳಗೆ ಸರಿಸಿದಳು. ರೂಮಿಗೆ ಹೋಗಿ, ಹಿಡಿಯನ್ನು ಒತ್ತಿ ಹಿಡಿದು, ಒಂದಿಷ್ಟೂ ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡಳು.

ಮಗಳು ಬಾಗಿಲನ್ನು ದಢಾರೆಂದು ಬಡಿಯಲಿ ಅಂತ ಹೊರಗೆ ಕಾದು ನಿಂತ ತಾಯಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?